ರಣಹದ್ದುಗಳ ನೀರು: ಕಲಹಾರಿಯ ಒಂದು ಊರು, ಒಂದು ಬೋರ್‌ವೆಲ್

ಕಂತು 1

ಫೋನಿನಲ್ಲಿ ಮ್ಯಾಪ್ ತೆಗೆಯಿರಿ. ಆಫ್ರಿಕಾದ ಕೆಳತುದಿಯಿಂದ ಸ್ವಲ್ಪ ಮೇಲೆ ಬನ್ನಿ, ಬೋಟ್ಸ್ವಾನಾ ಸಿಗುತ್ತೆ. ಆ ದೇಶದ ನಟ್ಟನಡುವೆ ಒಂದು ದೊಡ್ಡ ಖಾಲಿ ಜಾಗ ಕಾಣ್ತಿದೆಯಲ್ಲಾ? ರಸ್ತೆಯ ಗೆರೆ ಇಲ್ಲ, ನದಿಯ ನೀಲಿ ಇಲ್ಲ. ಅದರ ಹೆಸರು ಸೆಂಟ್ರಲ್ ಕಲಹಾರಿ ಗೇಮ್ ರಿಸರ್ವ್. ವಿಸ್ತೀರ್ಣ ಸುಮಾರು 52 ಸಾವಿರ ಚದರ ಕಿಲೋಮೀಟರ್. ಅಂದ್ರೆ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ.

ಮ್ಯಾಪಿನಲ್ಲಿ ಖಾಲಿ ಅಂತ ಕಂಡರೂ ಅದು ಖಾಲಿಯಲ್ಲ. ಒಳಗೆ ಊರುಗಳಿವೆ. ಮೊಲಾಪೊ, ಮೊತೊಮೆಲೊ, ಗುಗಾಮಾ, ಮೆಟ್ಸಿಯಾಮನಾಂಗ್. ಊರು ಅಂದ್ರೆ ಓಣಿ, ಅಂಗಡಿ, ಬಸ್‌ಸ್ಟ್ಯಾಂಡ್ ಅಂತ ಅಂದುಕೋಬೇಡಿ. ಕೋಲು ಬಗ್ಗಿಸಿ ಹುಲ್ಲು ಹೊದಿಸಿದ ಗುಡಿಸಲುಗಳು, ಮುಳ್ಳಿನ ಬೇಲಿಯೊಳಗೆ ಒಂದಷ್ಟು ಆಡು, ಕತ್ತೆ, ನಾಯಿ. ಎತ್ತ ನೋಡಿದರೂ ಮರಳು. ಆದರೆ ರಾಜಸ್ಥಾನದ ಪೋಸ್ಟರಿನಲ್ಲಿ ಕಾಣುವ ಬೋಳು ದಿಣ್ಣೆಗಳಲ್ಲ. ಹಳದಿ ಹುಲ್ಲು, ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಜಾಲಿಯಂಥ ಮುಳ್ಳುಮರ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಜೂನ್, ಜುಲೈ ರಾತ್ರಿಗಳಲ್ಲಿ ನೀರಿಟ್ಟರೆ ಹೆಪ್ಪುಗಟ್ಟುತ್ತೆ. ಇಡಲು ನೀರಿದ್ದರೆ!

ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಸೆಟ್ಸ್ವಾನಾ ಭಾಷೆಯಲ್ಲಿ ಮೊಲಾಪೊ ಅಂದ್ರೆ ತೊರೆ. ಮೆಟ್ಸಿ ಅಂದ್ರೆ ನೀರು, ಮನಾಂಗ್ ಅಂದ್ರೆ ರಣಹದ್ದುಗಳು. ಮೆಟ್ಸಿಯಾಮನಾಂಗ್, ರಣಹದ್ದುಗಳ ನೀರು. ಆ ದೇಶದ ದುಡ್ಡಿನ ಹೆಸರು ಪುಲಾ. ಪುಲಾ ಅಂದ್ರೆ ಮಳೆ. ನೋಟಿಗೆ ಮಳೆ ಅಂತ ಹೆಸರಿಟ್ಟ ದೇಶದಲ್ಲಿ, ತೊರೆ ಅಂತ ಹೆಸರಿರುವ ಊರಲ್ಲಿ ಹರಿಯುವ ನೀರು ಮಾತ್ರ ಇಲ್ಲ.

ಈ ಸರಣಿ ಆ ಊರುಗಳ ನೀರಿನ ಇತಿಹಾಸ. ಸಮಯ ಮಾಡ್ಕೊಂಡು ಓದಿ, ಸ್ವಲ್ಪ ಉದ್ದ ಇದೆ.

ಕಂತು 2

ಮೊದಲು ಜನರ ಬಗ್ಗೆ. ಇಲ್ಲಿರೋದು ಮುಖ್ಯವಾಗಿ ಗ್ವಿ ಮತ್ತು ಗಾನಾ ಅನ್ನುವ ಸಮುದಾಯದವರು, ಜೊತೆಗೆ ಬಕಲಗಾಡಿ ಜನ. ಗ್ವಿ, ಗಾನಾ ಅಂತ ಬರೆದೆನಲ್ಲ, ಅದು ಪೂರ್ತಿ ಸರಿಯಲ್ಲ. ಆ ಹೆಸರುಗಳೊಳಗೆ ನಾಲಿಗೆ ಲೊಚಗುಟ್ಟುವ ಸದ್ದೊಂದಿದೆ. ನಾವು ಅಯ್ಯೋ ಪಾಪ ಅನ್ನುವಾಗ, ಎತ್ತನ್ನು ಹೊಡೆಯುವಾಗ ಮಾಡ್ತೀವಲ್ಲ, ಅಂಥದ್ದು. ಅವರಿಗೆ ಅದು ಕ ಖ ಗ ಇದ್ದ ಹಾಗೆ, ಅಕ್ಷರ. ನಮ್ಮ ಲಿಪಿಯಲ್ಲಿ ಅದಕ್ಕೆ ಜಾಗ ಇಲ್ಲ.

ಹೊರಗಿನವರು ಇವರನ್ನು ಬುಷ್‌ಮನ್ ಅಂದರು, ಪುಸ್ತಕಗಳು ಸ್ಯಾನ್ ಅಂದವು, ಬೋಟ್ಸ್ವಾನಾದಲ್ಲಿ ಬಸರ್ವಾ ಅಂತಾರೆ. ಅದಕ್ಕೂ ಮೊದಲು ಮಸರ್ವಾ ಅಂತಿದ್ದರು. ಸೆಟ್ಸ್ವಾನಾದಲ್ಲಿ ಜನರ ಹೆಸರಿನ ಮುಂದೆ 'ಬ' ಬಂದರೆ ಗೌರವ. 'ಮ' ಹಚ್ಚಿದರೆ ಕೀಳು. ಒಂದೇ ಅಕ್ಷರ. ನಮ್ಮಲ್ಲಿ 'ಅವರು' ಮತ್ತು 'ಅವನು' ನಡುವೆ ಇರೋ ಅಂತರ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಪ್ರಶ್ನೆ: ನದಿ ಇಲ್ಲ, ಕೆರೆ ಇಲ್ಲ, ಬಾವಿ ಇಲ್ಲ. ಸಾವಿರಾರು ವರ್ಷ ಹೇಗೆ ಬದುಕಿದರು?

ಮಳೆ ಬರೋದು ಹೆಚ್ಚಾಗಿ ನವೆಂಬರಿನಿಂದ ಏಪ್ರಿಲ್ ಒಳಗೆ, ಅದೂ ಒಂದು ಕಡೆ ಸುರಿದರೆ ಇನ್ನೊಂದು ಕಡೆ ಒಣ. ತಟ್ಟೆಯಂಥ ತಗ್ಗುಗಳಲ್ಲಿ, ಅವಕ್ಕೆ ಪ್ಯಾನ್ ಅಂತಾರೆ, ನೀರು ನಿಲ್ಲುತ್ತೆ. ಎಷ್ಟು ದಿನ? ಕೆಲವು ವಾರ. ಉಳಿದ ತಿಂಗಳುಗಳಲ್ಲಿ ನೀರು ಅನ್ನೋದು ಕುಡಿಯುವ ವಸ್ತುವಲ್ಲ, ತಿನ್ನುವ ವಸ್ತು.

ತ್ಸಾಮಾ ಅಂತ ಒಂದು ಕಾಡು ಕಲ್ಲಂಗಡಿ. ನಮ್ಮ ಕಲ್ಲಂಗಡಿಯ ಹತ್ತಿರದ ಸಂಬಂಧಿ, ಆದರೆ ಸಿಹಿಯಿಲ್ಲ, ಕೆಲವು ಕಹಿ ಕೂಡ. ಮರಳಿನ ಮೇಲೆ ಬಳ್ಳಿ ಹಬ್ಬಿ ಕಾಯಿ ಬಿಟ್ಟ ವರ್ಷ ಸುಗ್ಗಿ. ಅದರ ತಿರುಳೇ ನೀರು, ಅದರ ರಸದಲ್ಲೇ ಮಾಂಸ ಬೇಯಿಸೋದು, ಬೀಜ ಹುರಿದು ಕುಟ್ಟಿದರೆ ಹಿಟ್ಟು. ಕಾಯಿ ಮುಗಿದ ಮೇಲೆ ಗೆಡ್ಡೆ. 'ಬೀ' ಅನ್ನುವ ಗೆಡ್ಡೆಯ ಬಗ್ಗೆ ಬರೆದವರೆಲ್ಲ ಅದರ ಬಳಕೆಯನ್ನು ತಪ್ಪದೆ ವಿವರಿಸ್ತಾರೆ. ನೆಲದ ಮೇಲೆ ಕಾಣೋದು ಒಣಗಿದ ಒಂದು ಎಳೆ ಬಳ್ಳಿ ಅಷ್ಟೇ. ಅದನ್ನು ಗುರುತಿಸಿ, ಕೋಲಿನಿಂದ ಅಗೆದು, ಗೆಡ್ಡೆಯನ್ನು ಹೆರೆದು, ಆ ತುರಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಬೇಕು. ಹೆಬ್ಬೆರಳು ಬಾಯಿಯ ಕಡೆಗೆ. ರಸ ಹೆಬ್ಬೆರಳಿನ ಮೇಲಿಂದ ಇಳಿದು ಬಾಯಿಗೆ ತೊಟ್ಟಿಕ್ಕುತ್ತೆ. ಕಹಿ. ಹಿಂಡಿ ಉಳಿದ ಚರಟವನ್ನೂ ಎಸೆಯೋದಿಲ್ಲ, ಮೈಗೆ ಉಜ್ಜಿಕೊಳ್ತಾರೆ. ಅದೇ ಸ್ನಾನ.

ಬೇಟೆಯಲ್ಲಿ ಜೆಮ್ಸ್‌ಬಾಕ್ ಬಿದ್ದರೆ, ಅದು ಉದ್ದ ನೇರ ಕೊಂಬಿನ ದೊಡ್ಡ ಹುಲ್ಲೆ, ಅದರ ಹೊಟ್ಟೆಯೊಳಗಿನ ಅರೆಜೀರ್ಣ ಮೇವನ್ನು ಹಿಂಡಿ ಬರುವ ದ್ರವವನ್ನೂ ಕುಡಿಯುತ್ತಿದ್ದರು. ಮುಖ ಸಿಂಡರಿಸಬೇಡಿ. ಪ್ರಾಣಿಯೂ ಅದೇ ಕಲ್ಲಂಗಡಿ, ಅದೇ ಗೆಡ್ಡೆ ತಿಂದೇ ನೀರು ಮಾಡ್ಕೊಂಡಿರೋದು.

ಕಲಹಾರಿಯ ಬೇರೆ ಭಾಗಗಳಲ್ಲಿ ಇನ್ನೊಂದು ವಿಧಾನ ಇತ್ತು. ತೇವದ ಮರಳಿನೊಳಗೆ ಟೊಳ್ಳು ಜೊಂಡು ಇಳಿಸಿ, ತುದಿಗೆ ಹುಲ್ಲಿನ ಜರಡಿ ಕಟ್ಟಿ, ಬಾಯಿಂದ ಹೀರಿ ಹೀರಿ ನೀರೆಳೆದು ಆಸ್ಟ್ರಿಚ್ ಹಕ್ಕಿಯ ಮೊಟ್ಟೆಚಿಪ್ಪುಗಳಿಗೆ ತುಂಬೋದು. 1857ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಇದನ್ನು ಬೆರಗಿನಿಂದ ಬರೆದಿದ್ದಾನೆ. ಆ ಚಿಪ್ಪು ತುಂಬಿಸುತ್ತಿದ್ದವರು ಹೆಂಗಸರು. ಅಲ್ಲೂ ಕೊಡ ಹೊರೋದು ಹೆಂಗಸರ ಪಾಲಿಗೇ ಬಂದಿತ್ತು ಅನ್ನಿ.

ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿದ್ದು. ಉತ್ತರದಲ್ಲಿ ಶಾಶ್ವತ ನೀರಿನ ಹೊಂಡಗಳಿರುವ ಕಡೆಯ ಸ್ಯಾನ್ ಗುಂಪುಗಳು ಬರಗಾಲದಲ್ಲಿ ಹೊಂಡದ ಸುತ್ತ ಒಟ್ಟಾಗುತ್ತಿದ್ದವು. ಗ್ವಿ ಜನ ಉಲ್ಟಾ. ಒಣಗಾಲ ಬಂತು ಅಂದ್ರೆ ಗುಂಪು ಒಡೆದು ಒಂದೊಂದು ಮನೆಯವರು ಒಂದೊಂದು ದಿಕ್ಕಿಗೆ ಹೋಗುತ್ತಿದ್ದರು. ಒಂದೇ ಜಾಗದ ಗೆಡ್ಡೆ ಎಲ್ಲರಿಗೂ ಸಾಲಲ್ಲ, ಅದಕ್ಕೆ. ಮಳೆ ಬಿದ್ದ ಮೇಲೆ ಮತ್ತೆ ಕೂಡುತ್ತಿದ್ದರು. ಇದನ್ನು ಯಾರೂ ಬರೆದಿಟ್ಟ ನಿಯಮ ಅಲ್ಲ. ಆದರೆ ಇಷ್ಟು ದೊಡ್ಡ ನೆಲ ಅವರಿಗೆ ಯಾಕೆ ಬೇಕಿತ್ತು ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಮುಂದೆ ಕೋರ್ಟಿನಲ್ಲಿ ಈ ಪ್ರಶ್ನೆ ಬರುತ್ತೆ, ನೆನಪಿಟ್ಕೊಳ್ಳಿ.

ಕಂತು 3

1958. ಆಗಿನ್ನೂ ಬೋಟ್ಸ್ವಾನಾ ಇಲ್ಲ, ಬ್ರಿಟಿಷರ ಬೆಚುವಾನಾಲ್ಯಾಂಡ್. ಸುತ್ತಲ ಗೋಮಾಳದವರು, ಬಿಳಿಯ ರ‍್ಯಾಂಚ್ ಮಾಲೀಕರು ಕಲಹಾರಿಯನ್ನು ಅಂಚಿನಿಂದ ತಿನ್ನುತ್ತಾ ಬರುತ್ತಿದ್ದ ಕಾಲ. ಜಾರ್ಜ್ ಸಿಲ್ಬರ್‌ಬವರ್ ಅನ್ನುವ ಅಧಿಕಾರಿಯನ್ನು ಸರ್ಕಾರ ಒಂದು ಸರ್ವೆ ಮಾಡೋಕೆ ನೇಮಿಸಿತು. ಈತ ಹೋಗಿ ಗ್ವಿ ಜನರ ಜೊತೆ ಇದ್ದ, ಅವರ ಭಾಷೆ ಕಲಿತ. ಕಚೇರಿಯಲ್ಲಿ ಕೂತು ವರದಿ ಬರೆಯುವ ಜಾತಿಯವನಲ್ಲ.

ಅವನ ಸಲಹೆಯಂತೆ 1961ರಲ್ಲಿ ಈ ರಿಸರ್ವ್ ಘೋಷಣೆಯಾಯ್ತು. ಉದ್ದೇಶ ಎರಡು: ಅಲ್ಲಿನ ಪ್ರಾಣಿಗಳನ್ನು ಉಳಿಸೋದು, ಅಲ್ಲಿನ ಬೇಟೆಗಾರ ಜನರ ನೆಲ ಉಳಿಸೋದು. ಆದರೆ ಹೆಸರಿಗೆ 'ಗೇಮ್ ರಿಸರ್ವ್' ಮಾತ್ರ. ಯಾಕೆ? ಜನರಿಗೋಸ್ಕರ ಅಂಥ ಜಾಗ ಮೀಸಲಿಡೋಕೆ ಕೈಗೆ ಸಿಗುವ ಕಾನೂನು ಇರಲಿಲ್ಲ. ಕಾಡುಪ್ರಾಣಿಗಳ ಕಾನೂನು ಇತ್ತು, ಅದನ್ನೇ ಬಳಸಿದರು. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಜೋರಾಗಿದ್ದ ಕಾಲ ಬೇರೆ. ಒಂದು ಜನಾಂಗಕ್ಕೆ 'ಮೀಸಲು ಪ್ರದೇಶ' ಅಂದ್ರೆ ಅದರ ವಾಸನೆಯೇ ಬೇರೆ.

1963ರ ನಿಯಮ ಏನು ಹೇಳಿತು ಅಂದ್ರೆ, ಪರ್ಮಿಟ್ ಇಲ್ಲದೆ ಯಾರೂ ಒಳಗೆ ಹೋಗಬಾರದು, ಅಲ್ಲಿಯ ಮೂಲ ನಿವಾಸಿ ಬುಷ್‌ಮನ್‌ಗಳನ್ನು ಬಿಟ್ಟು. ಆ 'ಬಿಟ್ಟು' ಅನ್ನುವ ಒಂದು ಪದದ ಮೇಲೆ ಇಡೀ ಊರುಗಳು ನಿಂತಿದ್ದವು. ಒಂದು ಹುಲ್ಲುಗುಡಿಸಲಿಗೂ ಹಕ್ಕುಪತ್ರ ಇಲ್ಲ, ಖಾತೆ ಇಲ್ಲ, ಪಹಣಿ ಇಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಅರ್ಧ ಕೆಲಸ ಅದು, ನನ್ನ ಪ್ರಕಾರ. ಅದರ ಉಳಿದರ್ಧದ ಬೆಲೆಯನ್ನು ನಲವತ್ತು ವರ್ಷದ ನಂತರ ಬೇರೆಯವರು ತೆತ್ತರು.

1966ರ ಸೆಪ್ಟೆಂಬರ್ 30ಕ್ಕೆ ದೇಶ ಸ್ವತಂತ್ರ ಆಯ್ತು. ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಮರುವರ್ಷ 1967ರಲ್ಲಿ ಒರಾಪಾ ಅನ್ನುವಲ್ಲಿ ವಜ್ರ ಸಿಕ್ಕಿತು. ಆಮೇಲೆ ಆ ದೇಶದ ಹಣೆಬರಹವೇ ಬದಲಾಯ್ತು. ವಜ್ರದ ದುಡ್ಡಿನಲ್ಲಿ ಶಾಲೆ, ರಸ್ತೆ, ಆಸ್ಪತ್ರೆ ಕಟ್ಟಿದ, ಆಫ್ರಿಕಾದಲ್ಲೇ ಮಾದರಿ ಅನ್ನಿಸಿಕೊಂಡ ಸರ್ಕಾರ ಅದು. ಇದನ್ನೂ ಹೇಳಲೇಬೇಕು. ಈ ಕಥೆಯ ಎದುರಾಳಿ ಯಾವುದೋ ಸರ್ವಾಧಿಕಾರಿಯಲ್ಲ. ಚುನಾಯಿತ, ಲೆಕ್ಕಪತ್ರ ಇಡುವ ಸರ್ಕಾರ.

ಕಂತು 4

ಬೋರ್‌ವೆಲ್ ಬಂದ ಮೇಲೆ ಊರಿಗೆ ಏನಾಗುತ್ತೆ ಅಂತ ನಮ್ಮ ಕೋಲಾರ, ಚಿತ್ರದುರ್ಗದ ಕಡೆಯವರನ್ನು ಕೇಳಿದ್ರೆ ಗಂಟೆಗಟ್ಟಲೆ ಹೇಳ್ತಾರೆ. ಕಲಹಾರಿಯಲ್ಲೂ ಅದೇ ಆಯ್ತು, ಬೇರೆ ಥರ.

ರಿಸರ್ವಿನ ಪಶ್ಚಿಮದಲ್ಲಿ ಕಾಡೆ ಅಂತ ಒಂದು ಜಾಗ. ಸರ್ವೆ ಕೆಲಸಕ್ಕಾಗಿ 1960ರ ದಶಕದ ಆರಂಭದಲ್ಲೇ ಅಲ್ಲೊಂದು ಬೋರ್‌ವೆಲ್ ಕೊರೆದಿದ್ದರು. 1966ರಲ್ಲಿ ಜಪಾನಿನ ಸಂಶೋಧಕ ಜಿರೊ ತನಾಕಾ ಬಂದಾಗ ಜನ ಇನ್ನೂ ಅಲೆದಾಡುತ್ತಿದ್ದರು. ಊಟದ ದೊಡ್ಡ ಪಾಲು ಹೆಂಗಸರು ಹೆಕ್ಕಿ ತರುವ ಕಾಯಿ, ಬೇರು, ಗೆಡ್ಡೆಗಳದ್ದೇ ಅಂತ ಅವನು ದಾಖಲಿಸಿದ. ಬೇಟೆಯ ಬಗ್ಗೆ ಸಿನಿಮಾ ಮಾಡೋರು ಈ ಭಾಗವನ್ನು ಮರೆತುಬಿಡ್ತಾರೆ.

1980ರ ದಶಕಕ್ಕೆ ಸರ್ಕಾರ ಕಾಡೆಯಲ್ಲಿ ಶಾಲೆ, ಪುಟ್ಟ ಆಸ್ಪತ್ರೆ ತೆರೆಯಿತು, ಪಂಪು ಓಡಿಸಿತು. ಜನ ನೀರಿನ ಸುತ್ತ ನೆಲೆನಿಂತರು. ಸುತ್ತಲಿನ ಗೆಡ್ಡೆಗಳು ಖಾಲಿಯಾದವು, ಬೇಟೆಗೆ ದೂರ ಹೋಗಬೇಕಾಯ್ತು, ಕಾಲ್ನಡಿಗೆಯ ಬದಲು ಕುದುರೆ, ಕತ್ತೆ ಬಂದವು, ಆಡು ಸಾಕಿದರು, ಸರ್ಕಾರದ ರೇಷನ್ನಿಗೆ ಕಾಯೋದು ಶುರುವಾಯ್ತು. ಹಾಗಂತ 'ಅಯ್ಯೋ, ಅವರ ಸಂಸ್ಕೃತಿ ಹಾಳಾಯ್ತು' ಅಂತ ಇಲ್ಲಿ ಕೂತು ನಾವು ಮರುಗೋದು ಸುಲಭ. ಗೆಡ್ಡೆ ಹಿಂಡಿ ಕುಡಿದ ತಾಯಿಗೆ ತನ್ನ ಮಗು ನಲ್ಲಿ ತಿರುಗಿಸಿ ಕುಡಿಯೋದು ಬೇಡವಾಗಿತ್ತಾ?

ಒಳಗಿನ ಮೊತೊಮೆಲೊದಲ್ಲಿ 1980ರ ದಶಕದ ಮಧ್ಯಭಾಗದಲ್ಲಿ ವಜ್ರ ಹುಡುಕುವ ಕಂಪನಿ ತನ್ನ ಕೆಲಸಕ್ಕೆ ಒಂದು ಬೋರ್‌ವೆಲ್ ಕೊರೆಯಿತು. ಕಂಪನಿಯ ಕೆಲಸ ಮುಗಿದ ಮೇಲೆ ಅದು ಊರಿನವರ ಬಳಕೆಗೆ ಸಿಕ್ಕಿತು. ಎಂಜಿನ್, ಪಂಪು, ಒಂದು ಟ್ಯಾಂಕು. ಅದೇ ನೀರನ್ನು ಲಾರಿಯಲ್ಲಿ ತುಂಬಿ ಮೆಟ್ಸಿಯಾಮನಾಂಗ್, ಮೊಲಾಪೊ ಮುಂತಾದ ಊರುಗಳಿಗೆ ಸಾಗಿಸುತ್ತಿದ್ದರು. ಈ ಬೋರ್‌ವೆಲ್ ಹೆಸರು ನೆನಪಿರಲಿ: ಮೊತೊಮೆಲೊ.

ಕಂತು 5

1986ರಲ್ಲಿ ಸರ್ಕಾರ ತೀರ್ಮಾನ ಮಾಡಿತು: ರಿಸರ್ವ್ ಒಳಗಿನ ಜನ ಹೊರಗೆ ಹೋಗಬೇಕು. ಕೊಟ್ಟ ಕಾರಣಗಳು: ಜನ ಈಗ ಮೊದಲಿನ ಹಾಗೆ ಇಲ್ಲ, ಆಡು ಕುದುರೆ ಇಟ್ಕೊಂಡಿದ್ದಾರೆ, ಇದು ವನ್ಯಜೀವಿಗೆ ಹೊಂದಲ್ಲ. ಬೆರಳೆಣಿಕೆಯ ಜನಕ್ಕೆ ಇಷ್ಟು ದೂರ ನೀರು, ಔಷಧಿ ಸಾಗಿಸೋದು ದುಬಾರಿ. ಹೊರಗೆ ಬಂದರೆ ಶಾಲೆ, ಆಸ್ಪತ್ರೆ, ಜಾನುವಾರು ಎಲ್ಲ ಕೊಡ್ತೀವಿ.

1997ರಲ್ಲಿ ಕಾಡೆ ಊರನ್ನು ಪೂರ್ತಿ ಎತ್ತಿದರು. ಸಾವಿರಕ್ಕೂ ಹೆಚ್ಚು ಜನ. ಹೊರಗೆ 'ನ್ಯೂ ಕಾಡೆ' ಅಂತ ಹೊಸ ಊರು, ದಕ್ಷಿಣದ ಕಡೆಯವರಿಗೆ ಕೌಡ್ವಾನೆ. ಒಂದು ಕುಟುಂಬಕ್ಕೆ ಐದು ದನ ಅಥವಾ ಹದಿನೈದು ಆಡು, ಒಂದು ಸೈಟು, ಬಿಟ್ಟುಬಂದ ಗುಡಿಸಲಿಗೆ ದುಡ್ಡು. ಹೊಸ ಊರಿಗೆ ಜನ ತಮ್ಮ ಭಾಷೆಯಲ್ಲಿ ಇಟ್ಟ ಹೆಸರಿನ ಅರ್ಥ 'ಬದುಕು ಹುಡುಕುತ್ತಾ' ಅಂತ. ಆ ಹೆಸರಿನಲ್ಲಿ ಆಸೆ ಇದೆಯೋ ವ್ಯಂಗ್ಯ ಇದೆಯೋ, ನೀವೇ ಯೋಚಿಸಿ.

ಕೆಲವು ನೂರು ಜನ ಹೋಗಲಿಲ್ಲ. ಹೋದವರಲ್ಲೂ ಕೆಲವರು ವಾಪಸ್ ಬಂದರು.

2002ರ ಜನವರಿ 31. ಸರ್ಕಾರ ಒಳಗಿನ ಊರುಗಳಿಗೆ ಎಲ್ಲ ಸೇವೆ ನಿಲ್ಲಿಸಿತು. ನೀರಿನ ಲಾರಿ, ರೇಷನ್, ಸಂಚಾರಿ ಆರೋಗ್ಯ ಸೇವೆ, ಎಲ್ಲ. ಜೊತೆಗೆ ಬೇಟೆಯ ಸ್ಪೆಷಲ್ ಲೈಸೆನ್ಸ್ ಕೊಡೋದನ್ನೂ ನಿಲ್ಲಿಸಿತು. ಮೊತೊಮೆಲೊ ಬೋರ್‌ವೆಲ್ಲಿನ ಎಂಜಿನ್, ಪಂಪು ಬಿಚ್ಚಿ ಒಯ್ದರು, ಟ್ಯಾಂಕು ತೆಗೆದರು. ಅದರ ಬಾಯಿ ಮುಚ್ಚಿತು.

'ವಜ್ರಕ್ಕೋಸ್ಕರ ಮಾಡಿದರು' ಅನ್ನೋ ಮಾತು ಆಗ ಜಗತ್ತಿನಾದ್ಯಂತ ಹಬ್ಬಿತು. ರಿಸರ್ವಿನೊಳಗೆ ಗೋಪೆ ಅನ್ನುವಲ್ಲಿ 1980ರ ದಶಕದ ಆರಂಭದಲ್ಲೇ ವಜ್ರ ಇರೋದು ಗೊತ್ತಾಗಿತ್ತು, 2014ರಲ್ಲಿ ಅಲ್ಲಿ ಗಣಿಯೂ ತೆರೆಯಿತು, 2017ರಲ್ಲಿ ಮುಚ್ಚಿತು. ಸರ್ಕಾರ ಮೊದಲಿನಿಂದಲೂ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತಲೇ ಹೇಳಿಕೊಂಡು ಬಂದಿದೆ. ನನಗನ್ನಿಸೋದು, ವಜ್ರದ ಮಾತಿಲ್ಲದೆಯೂ ಇದನ್ನು ಅರ್ಥ ಮಾಡ್ಕೋಬಹುದು. ಅಲೆದಾಡುವ ಜನರನ್ನು ಒಂದು ಕಡೆ ಕೂರಿಸಿ 'ಮುಂದಕ್ಕೆ ತರೋದು' ಅಭಿವೃದ್ಧಿ ಅಂತ ನಂಬಿದ ಸರ್ಕಾರಗಳು ಪ್ರಪಂಚದ ತುಂಬ ಇವೆ. ಅವಕ್ಕೆ ವಜ್ರ ಬೇಕಾಗಿಲ್ಲ.

ಕಂತು 6

ಊರಿನವರು ಕೋರ್ಟಿಗೆ ಹೋದರು. ಮುಂದಾಳು ರಾಯ್ ಸೆಸಾನಾ, ಮೊಲಾಪೊ ಕಡೆಯವರು. ಶಾಲೆಗೆ ಹೋದವರಲ್ಲ. 2005ರಲ್ಲಿ ಅವರಿಗೂ ಅವರ ಸಂಘಟನೆಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಮೊದಲ ಅರ್ಜಿ ತಾಂತ್ರಿಕ ಕಾರಣಕ್ಕೆ ಬಿದ್ದುಹೋಯ್ತು. ಮತ್ತೆ ಹಾಕಿದರು. 2004ರ ಜುಲೈನಲ್ಲಿ ವಿಚಾರಣೆ ಶುರು. ಅರ್ಜಿದಾರರು ಇನ್ನೂರಕ್ಕೂ ಹೆಚ್ಚು, ತೀರ್ಪು ಬರೋ ಹೊತ್ತಿಗೆ ಅವರಲ್ಲಿ ಕೆಲವರು ಬದುಕಿರಲಿಲ್ಲ. ಮೂವರು ನ್ಯಾಯಮೂರ್ತಿಗಳು ಖುದ್ದಾಗಿ ಮರುಭೂಮಿಗೆ ಹೋಗಿ ಊರುಗಳನ್ನು ನೋಡಿದರು. ಸಾಕ್ಷಿ ಹೇಳೋಕೆ ಬಂದವರಲ್ಲಿ ಒಬ್ಬರು, ಆಗ ಮುದುಕರಾಗಿದ್ದ ಅದೇ ಸಿಲ್ಬರ್‌ಬವರ್. ಈ ರಿಸರ್ವ್ ಯಾಕೆ ಮಾಡಿದ್ದು ಅಂತ ಅದನ್ನು ಮಾಡಿಸಿದವರ ಬಾಯಿಂದಲೇ ಕೋರ್ಟು ಕೇಳಿತು. ಅಷ್ಟು ನೆಲ ಯಾಕೆ ಬೇಕು, ಗೆಡ್ಡೆ ಎಲ್ಲಿ, ಕಲ್ಲಂಗಡಿ ಎಲ್ಲಿ, ಯಾವ ಕುಟುಂಬದ ಓಡಾಟ ಯಾವ ದಿಕ್ಕಿಗೆ: ಇಂಥ ಸಂಗತಿಗಳು ಸಾಕ್ಷ್ಯವಾಗಿ ಕಡತ ಸೇರಿದವು.

2006ರ ಡಿಸೆಂಬರ್ 13ಕ್ಕೆ ತೀರ್ಪು. ಆ ದೇಶದ ಇತಿಹಾಸದಲ್ಲೇ ಅತಿ ದೀರ್ಘ ಮೊಕದ್ದಮೆ. ಮೂವರೂ ಬೇರೆ ಬೇರೆ ತೀರ್ಪು ಬರೆದರು: ಮಾರುಪಿಂಗ್ ಡಿಬೊಟೆಲೊ, ಯೂನಿಟಿ ಡೌ, ಎಂಪಾಫಿ ಫುಮಾಫಿ. ಯೂನಿಟಿ ಡೌ ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ, ಕಾದಂಬರಿಕಾರ್ತಿ ಕೂಡ. ಜನ ಆ ನೆಲದಲ್ಲಿ ಕಾನೂನುಬದ್ಧವಾಗಿಯೇ ಇದ್ದರು ಅನ್ನೋದನ್ನು ಮೂವರೂ ಒಪ್ಪಿದರು. ಒಪ್ಪಿಗೆ ಇಲ್ಲದೆ ಅವರಿಂದ ನೆಲ ಕಿತ್ತುಕೊಂಡದ್ದು ತಪ್ಪು ಅಂತ ಇಬ್ಬರು ಹೇಳಿದರು. ರೇಷನ್ನೂ ನಿಲ್ಲಿಸಿ ಬೇಟೆಯನ್ನೂ ನಿಲ್ಲಿಸಿದರೆ ಅದು ಜನರನ್ನು ಹಸಿವಿನಿಂದ ಸಾಯಲು ಬಿಟ್ಟ ಹಾಗೆ ಅಂತ ಫುಮಾಫಿ ಬರೆದರು.

ಗೆದ್ದರು. ಕುಣಿದರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಸಾಲಿತ್ತು: ಸೇವೆಗಳನ್ನು ನಿಲ್ಲಿಸಿದ್ದು ಕಾನೂನಿಗೆ ವಿರುದ್ಧವಲ್ಲ, ಸರ್ಕಾರ ಅವನ್ನು ಮತ್ತೆ ಕೊಡಲೇಬೇಕಂತಿಲ್ಲ. ಇಬ್ಬರು ಹೌದು, ಡೌ ಒಬ್ಬರೇ ಅಲ್ಲ.

ಅಂದ್ರೆ ಮನೆಗೆ ಹೋಗಬಹುದು. ನೀರು ಕೇಳಬಾರದು.

ಕಂತು 7

ಮುಂದಿನ ನಾಲ್ಕೂ ಚಿಲ್ಲರೆ ವರ್ಷ ಹೇಗಿತ್ತು ಅಂತ ಊಹಿಸಿ. ಊರಿನ ಬೋರ್‌ವೆಲ್ ಅಲ್ಲೇ ಇದೆ, ಕೆಳಗೆ ನೀರೂ ಇದೆ, ಮುಟ್ಟೋ ಹಾಗಿಲ್ಲ. ನಮ್ಮ ಖರ್ಚಿನಲ್ಲಿ ನಾವೇ ಪಂಪು ಹಾಕ್ಕೋತೀವಿ, ಅನುಮತಿ ಕೊಡಿ ಅಂದರು. ಇಲ್ಲ ಅಂದರು. ಮಳೆ ಬಂದಾಗ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ಹಿಡಿಯೋದು, ಇಲ್ಲದಾಗ ಮತ್ತೆ ಕಲ್ಲಂಗಡಿ, ಗೆಡ್ಡೆ. ರಿಸರ್ವಿನ ಹೊರಗಿನಿಂದ ಡಬ್ಬಗಳಲ್ಲಿ ತರೋದು. ಅದೇ ಹೊತ್ತಿಗೆ ಅದೇ ರಿಸರ್ವಿನೊಳಗೆ ಪ್ರಾಣಿಗಳಿಗಾಗಿ ನೀರಿನ ಹೊಂಡಗಳಿದ್ದವು. ಪ್ರವಾಸಿಗರಿಗೆ ಲಾಡ್ಜ್ ಬಂತು, ಈಜುಕೊಳ ಸಮೇತ. ಇದಕ್ಕೆ ನಾನು ಬೇರೆ ಮಾತು ಸೇರಿಸೋದಿಲ್ಲ.

2010ರ ಜುಲೈನಲ್ಲಿ ಹೈಕೋರ್ಟು ಅವರ ಅರ್ಜಿ ತಳ್ಳಿಹಾಕಿತು. ಅನುಕೂಲಗಳಿಂದ ದೂರ ಹೋಗಿ ನೆಲೆಸಿದ್ದು ಅವರದೇ ನಿರ್ಧಾರ, ಅದರ ಕಷ್ಟವೂ ಅವರದೇ ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಅದೇ ತಿಂಗಳ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ಕುಡಿಯುವ ನೀರು ಮಾನವ ಹಕ್ಕು ಅಂತ ನಿರ್ಣಯ ಮಾಡಿತು.

2011ರ ಜನವರಿ 27. ಮೇಲ್ಮನವಿ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಹೈಕೋರ್ಟಿನ ತೀರ್ಪು ರದ್ದು ಮಾಡಿದರು. ದೇಶದ ಹಳೆಯ ನೀರಿನ ಕಾಯ್ದೆಯಲ್ಲೇ ಒಂದು ಸರಳ ಅಂಶ ಇತ್ತು: ನೆಲದ ಮಾಲೀಕನಾಗಲಿ, ಅಲ್ಲಿ ಕಾನೂನುಬದ್ಧವಾಗಿ ವಾಸ ಇರುವವನಾಗಲಿ, ಮನೆಬಳಕೆಗೆ ಬಾವಿ ತೋಡಿಕೊಳ್ಳಬಹುದು. ಆ ಜನ ಅಲ್ಲಿ ಕಾನೂನುಬದ್ಧವಾಗಿದ್ದಾರೆ ಅಂತ 2006ರಲ್ಲೇ ತೀರ್ಮಾನ ಆಗಿತ್ತಲ್ಲ! ಮೊತೊಮೆಲೊ ಬೋರ್‌ವೆಲ್ ಬಳಸಬಹುದು, ಬೇಕಾದರೆ ಬೇರೆಯೂ ಕೊರೆಸಬಹುದು, ಖರ್ಚು ಅವರದೇ. ನೀರು ಕೊಡದೆ ಇಟ್ಟದ್ದು ಸಂವಿಧಾನ ನಿಷೇಧಿಸಿರುವ ಹೀನಾಯ ನಡವಳಿಕೆ ಅಂತಲೂ ಹೇಳಿದರು.

ಅದೇ ವರ್ಷ ಮೊತೊಮೆಲೊದಲ್ಲಿ ಹೊಸ ಪಂಪು ಕೂತಿತು. ಒಂಬತ್ತು ವರ್ಷದ ನಂತರ ನೀರು ಮೇಲೆ ಬಂತು.

ಕಂತು 8

ಇಲ್ಲಿಗೆ ಸುಖಾಂತ ಅಂತ ನಿಲ್ಲಿಸಿದ್ರೆ ನಿಮಗೆ ಮೋಸ ಮಾಡಿದ ಹಾಗೆ. 2006ರ ತೀರ್ಪು ಅರ್ಜಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅಂತ ಸರ್ಕಾರ ಅರ್ಥ ಮಾಡ್ತು. ಉಳಿದವರಿಗೆ, ಬೆಳೆದ ಮಕ್ಕಳಿಗೂ, ತಮ್ಮ ಅಪ್ಪ ಅಮ್ಮನ ಊರಿಗೆ ಹೋಗೋಕೆ ಪರ್ಮಿಟ್ ಬೇಕಾಯ್ತು. 2014ರಲ್ಲಿ ದೇಶಾದ್ಯಂತ ಬೇಟೆ ನಿಷೇಧ ಬಂತು.

2021ರ ಡಿಸೆಂಬರಿನಲ್ಲಿ ಆ ಸಮುದಾಯದ ಒಬ್ಬ ಹಿರಿಯರು ತೀರಿಕೊಂಡರು. ತನ್ನನ್ನು ಮೆಟ್ಸಿಯಾಮನಾಂಗ್‌ನಲ್ಲಿ, ತನ್ನ ಹಿಂದಿನವರ ಪಕ್ಕದಲ್ಲೇ ಮಣ್ಣು ಮಾಡಿ ಅನ್ನೋದು ಅವರ ಆಸೆ. ಅಧಿಕಾರಿಗಳು ಬಿಡಲಿಲ್ಲ. ಮಗ ಕೋರ್ಟಿಗೆ ಹೋದ. 2022ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಹನ್ನೊಂದು ವರ್ಷದ ಹಿಂದೆ ನೀರು ಕೊಟ್ಟ ಅದೇ ನ್ಯಾಯಾಲಯ, ರಿಸರ್ವ್ ಹೊರಗೆ ಹೂಳಬೇಕು ಅಂತ ಆದೇಶಿಸಿತು. ಮನೆಯವರು ಒಪ್ಪಲಿಲ್ಲ. ಶವ ಶೈತ್ಯಾಗಾರದಲ್ಲೇ ಉಳಿಯಿತು. ತಿಂಗಳುಗಳಲ್ಲ, ಹೆಚ್ಚುಕಮ್ಮಿ ಮೂರು ವರ್ಷ.

2024ರ ನವೆಂಬರಿನಲ್ಲಿ ಡುಮಾ ಬೊಕೊ ದೇಶದ ಅಧ್ಯಕ್ಷರಾದರು. ಹಿಂದೆ ವಕೀಲರಾಗಿದ್ದಾಗ ಈ ಜನರ ಪರ ವಾದಿಸಿದ ತಂಡದಲ್ಲಿ ಅವರೂ ಇದ್ದರು. ಹೊಸ ಸರ್ಕಾರ ಅನುಮತಿ ಕೊಟ್ಟಿತು. ಡಿಸೆಂಬರಿನಲ್ಲಿ ಆ ಹಿರಿಯರನ್ನು ಮರಳು ದಾರಿಯಲ್ಲಿ ರಿಸರ್ವಿನೊಳಗೆ ತಂದು ಮೆಟ್ಸಿಯಾಮನಾಂಗ್‌ನಲ್ಲಿ ಮಣ್ಣು ಮಾಡಿದರು. ಅಷ್ಟು ಹೊತ್ತಿಗೆ ಅಲ್ಲಿ ಮಳೆಗಾಲ ಶುರುವಾಗುವ ತಿಂಗಳು.

#ಕಲಹಾರಿ #ಬೋಟ್ಸ್ವಾನಾ #ನೀರಿನಇತಿಹಾಸ #ಕನ್ನಡದಲ್ಲಿಇತಿಹಾಸ